ಕೊಳ್ಳಿಯ ಬಳೆ: ವೇದಾಂತ ಮತ್ತು ಬೌದ್ಧದರ್ಶನಗಳ ಸಂಬಂಧವಿಚಾರ

ಒಲೆಯಿಂದ ಸೆಳೆದ ಉರಿಗೊಳ್ಳಿಯನ್ನು ಕತ್ತಲೆಯ ಅಂಗಳದಲ್ಲಿ ಮಗುವೊಂದು ಗಿರ್ರನೆ ತಿರುಗಿಸಿದರೆ ಗಾಳಿಯಲ್ಲಿ ಬೆಂಕಿಯ ಬಳೆಯೊಂದು ಮೂಡುತ್ತದೆ. ಕೈ ನಿಂತೊಡನೆ ಬಳೆಯೂ ಇಲ್ಲವಾಗುತ್ತದೆ. ಆ ಬಳೆ ಕೊಳ್ಳಿಯಿಂದ ಹೊರಟು ಬಂದಿತೆನ್ನಲಾಗದು, ಕೊಳ್ಳಿಯೊಳಕ್ಕೆ ಮರಳಿ ಹೊಕ್ಕಿತೆನ್ನಲಾಗದು, ಬೇರೊಂದೆಡೆಗೆ ಹೋಯಿತೆನ್ನಲೂ ಆಗದು. ಜಗತ್ತಿನ ತೋರಿಕೆಯೂ ಹೀಗೆಯೇ ವಿಜ್ಞಾನದ ಸ್ಪಂದನದಿಂದ ಕಾಣುವುದೇ ಹೊರತು ನಿಜವಾಗಿ ಹುಟ್ಟಿದುದಲ್ಲವೆಂದು ತಿಳಿಸುವುದಕ್ಕಾಗಿ ಗೌಡಪಾದಾಚಾರ್ಯರು ಮಾಂಡೂಕ್ಯಕಾರಿಕೆಯ ನಾಲ್ಕನೆಯ ಪ್ರಕರಣದಲ್ಲಿ ಈ ದೃಷ್ಟಾಂತವನ್ನು ಎತ್ತಿಕೊಂಡರು. ಆ ಪ್ರಕರಣಕ್ಕೆ ಅಲಾತಶಾಂತಿ, ಎಂದರೆ ಕೊಳ್ಳಿಯ ಶಮನ, ಎಂದೇ ಹೆಸರಾಯಿತು. ಅದ್ವೈತಸಂಪ್ರದಾಯದಲ್ಲಿ ನಮಗೆ ಉಳಿದುಬಂದಿರುವ ಶಾಸ್ತ್ರಗ್ರಂಥಗಳಲ್ಲಿ ಈ ಕಾರಿಕೆಯೇ ಅತ್ಯಂತ ಪ್ರಾಚೀನವಾದುದೆಂದು ಸಾಮಾನ್ಯವಾಗಿ ಎಣಿಸಲಾಗಿದೆ. ಆದರೆ ಇದೇ ಕೊಳ್ಳಿಯ ಚಕ್ರ ಮಹಾಯಾನಿಗಳ ಲಂಕಾವತಾರಸೂತ್ರದಲ್ಲಿಯೂ ಇದೆ, ನಾಗಾರ್ಜುನನ ಶಿಷ್ಯನಾದ ಆರ್ಯದೇವನ ಚತುಃಶತಕದಲ್ಲಿಯೂ ಇದೆ.

ಒಂದೇ ಕೊಳ್ಳಿ ಎರಡು ಮನೆಗಳಲ್ಲಿ ಹೇಗೆ ಉರಿಯಿತು? ಸಾಲವೇ, ಸೋದರತ್ವವೇ, ನೆರೆಹೊರೆಯ ಬಳಕೆಯೇ? ಬೌದ್ಧದರ್ಶನಕ್ಕೂ ವೇದವನ್ನು ಪ್ರಮಾಣವೆಂದೊಪ್ಪಿದ ದರ್ಶನಗಳಿಗೂ ಇರುವ ಸಂಬಂಧದ ಸಮಗ್ರ ಪ್ರಶ್ನೆಯೂ ಈ ಒಂದು ಪ್ರಶ್ನೆಯಲ್ಲಿ ಅಡಗಿದೆ. ಹದಿಮೂರು ಶತಮಾನಗಳಿಗೂ ಮಿಕ್ಕಿ ಇದರ ಚರ್ಚೆ ನಡೆದಿದೆ. ಅದರಲ್ಲಿ ಭಕ್ತಿಯೂ ರೋಷವೂ ಪಾಂಡಿತ್ಯದೊಡನೆ ಬೆರೆತು ಬಂದಿರುವುದರಿಂದ, ಯಾರು ಏನನ್ನು ಯಾವ ಆಧಾರದ ಮೇಲೆ ಹೇಳಿದರೆಂಬುದನ್ನು ಬಿಡಿಸಿಟ್ಟು ನೋಡುವುದು ಅವಶ್ಯವಾಗಿದೆ.

ಮೂಲದ ಪ್ರಶ್ನೆ

ಬುದ್ಧನು ಉಪನಿಷತ್ತುಗಳ ವಂಶದಲ್ಲಿ ಹುಟ್ಟಿದವನೇ, ಅವುಗಳ ಪ್ರತಿಪಕ್ಷಿಯೇ, ಅಥವಾ ಬೇರೊಂದು ನೆಲದ ಬೆಳೆಯೇ ಎಂಬಲ್ಲಿ ಮೂರು ಪಕ್ಷಗಳಿವೆ.

ಮೊದಲನೆಯ ಪಕ್ಷವನ್ನು ನಮ್ಮ ಕಾಲದಲ್ಲಿ ಪ್ರಸಿದ್ಧಿಗೆ ತಂದವರು ರಾಧಾಕೃಷ್ಣನ್ ಅವರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಕೆಲವು ವರ್ಷ ಅಧ್ಯಾಪಕರಾಗಿದ್ದು ಆಮೇಲೆ ಕಲ್ಕತ್ತೆಗೆ ತೆರಳಿದ ಅವರು, 1923ರಲ್ಲಿ ಪ್ರಕಟವಾದ ತಮ್ಮ ಭಾರತೀಯ ತತ್ತ್ವಶಾಸ್ತ್ರದ ಮೊದಲ ಸಂಪುಟದಲ್ಲಿ, ಆದಿಬೌದ್ಧವು ಉಪನಿಷದ್ವಿಚಾರವನ್ನೇ ಹೊಸ ನಿಲುವಿನಿಂದ ಮತ್ತೆ ಹೇಳಿದುದೆಂದು ಪ್ರತಿಪಾದಿಸಿದರು. ಆನಂದ ಕುಮಾರಸ್ವಾಮಿಯವರು 1943ರ ತಮ್ಮ ಗ್ರಂಥದಲ್ಲಿ ಇನ್ನೂ ಮುಂದೆ ಹೋಗಿ, ಮೇಲುಮೇಲೆ ನೋಡುವವರಿಗೆ ಮಾತ್ರ ಇವೆರಡೂ ಭಿನ್ನವಾಗಿ ಕಾಣುತ್ತವೆಂದರು. ಆಶ್ಚರ್ಯದ ಸಂಗತಿಯೆಂದರೆ, ಈ ಪಕ್ಷದ ಬೀಜವನ್ನು ಬಿತ್ತಿದವನು ಬೌದ್ಧರ ಕಡುವೈರಿಯಾಗಿದ್ದ ಕುಮಾರಿಲಭಟ್ಟ. ಏಳನೆಯ ಶತಮಾನದ ಈ ಮೀಮಾಂಸಕನು ತಂತ್ರವಾರ್ತಿಕದಲ್ಲಿ, ವಿಜ್ಞಾನವಾದ, ಕ್ಷಣಭಂಗವಾದ, ನೈರಾತ್ಮ್ಯವಾದ ಮೊದಲಾದವು ಕೂಡ ಉಪನಿಷತ್ತುಗಳಿಂದಲೇ ಹುಟ್ಟಿದವೆಂದೂ, ವಿಷಯಗಳಲ್ಲಿನ ಅತಿಯಾದ ಆಸಕ್ತಿಯನ್ನು ಕುಗ್ಗಿಸುವುದೇ ಅವುಗಳ ಪ್ರಯೋಜನವೆಂದೂ ಒಪ್ಪಿಕೊಳ್ಳುತ್ತಾನೆ. ಅದೇ ಗ್ರಂಥದಲ್ಲಿ ಬೌದ್ಧರ ಅಹಿಂಸೋಪದೇಶವನ್ನು ನಾಯಿಯ ತೊಗಲಿನ ಚೀಲದಲ್ಲಿಟ್ಟ ಹಾಲಿಗೆ ಹೋಲಿಸಿದವನೂ ಅವನೇ. ಹಾಲು ಹಾಲೆಂಬುದನ್ನು ಅವನು ಅಲ್ಲಗಳೆಯಲಿಲ್ಲ; ಪಾತ್ರೆಯನ್ನು ಮಾತ್ರ ತಿರಸ್ಕರಿಸಿದನು.

ಎರಡನೆಯ ಪಕ್ಷದವರು ಪಾಲಿ ಪಿಟಕಗಳ ಸಾಕ್ಷ್ಯವನ್ನು ಮುಂದಿಡುತ್ತಾರೆ. ಬ್ರಹ್ಮಜಾಲಸುತ್ತವು ಅರುವತ್ತೆರಡು ದೃಷ್ಟಿಗಳನ್ನು ಎಣಿಸಿ ಅವೆಲ್ಲವನ್ನೂ ಬಲೆಯೊಳಗಿನ ಮೀನುಗಳಂತೆ ಕಾಣುತ್ತದೆ. ಅವುಗಳಲ್ಲಿ ಶಾಶ್ವತವಾದವೂ ಒಂದು. ಮಜ್ಝಿಮನಿಕಾಯದ ಅಲಗದ್ದೂಪಮಸುತ್ತದಲ್ಲಿ ಲೋಕವೂ ಆತ್ಮವೂ ಒಂದೇ, ಮರಣಾನಂತರ ನಾನು ನಿತ್ಯನಾಗಿ ನಿಲ್ಲುವೆನು ಎಂಬ ಅಭಿಪ್ರಾಯವನ್ನು ಬುದ್ಧನು ಹೆಸರಿಸಿ ನಿರಾಕರಿಸುತ್ತಾನೆ. ಇದು ಉಪನಿಷತ್ತಿನ ಯಾಜ್ಞವಲ್ಕ್ಯರ ಉಪದೇಶಕ್ಕೆ ಇದಿರಾಗಿ ಆಡಿದ ಮಾತಲ್ಲದೆ ಬೇರಲ್ಲವೆಂಬುದು ಇವರ ವಾದ. ಆದರೆ ಇಲ್ಲಿ ಒಂದು ತೊಡಕಿದೆ. ಪಾಲಿ ಸುತ್ತಗಳಲ್ಲಿ ಬ್ರಹ್ಮನೆಂಬ ದೇವತೆ ಮೇಲಿಂದ ಮೇಲೆ ಬರುತ್ತಾನೆ; ಉಪನಿಷತ್ತುಗಳ ನಪುಂಸಕಲಿಂಗದ ಬ್ರಹ್ಮತತ್ತ್ವವಾದರೋ ಸ್ಪಷ್ಟವಾದ ಚರ್ಚೆಗೆ ಎಲ್ಲಿಯೂ ಒಳಗಾಗುವುದಿಲ್ಲ. ಬುದ್ಧನು ಉಪನಿಷತ್ತುಗಳಿಗೇ ಇದಿರಾಗಿ ನುಡಿದಿದ್ದರೆ ಇಷ್ಟೊಂದು ಕೂಲಂಕಷವಾದ ಖಂಡನಪರಂಪರೆ ಆ ಒಂದು ಸಿದ್ಧಾಂತದ ವಿಷಯದಲ್ಲಿ ಮೌನವಾಗಿರುವುದು ಹೇಗೆ?

ಈ ತೊಡಕೇ ಮೂರನೆಯ ಪಕ್ಷಕ್ಕೆ ದಾರಿ ಮಾಡಿತು. 2007ರಲ್ಲಿ ಬ್ರಾಂಕ್‌ಹೋರ್ಸ್ಟ್ ಎಂಬ ವಿದ್ವಾಂಸರು, ಗಂಗಾ ಯಮುನೆಗಳು ಕೂಡುವಲ್ಲಿಂದ ಪೂರ್ವಕ್ಕೆ ಹಬ್ಬಿದ್ದ ಮಗಧದ ನಾಡಿಗೆ ವೈದಿಕಸಂಸ್ಕೃತಿಗಿಂತ ಬೇರೆಯಾದ ಸಂಸ್ಕೃತಿಯೊಂದಿತ್ತೆಂದೂ, ಕರ್ಮ ಪುನರ್ಜನ್ಮಗಳ ವಿಚಾರವು ಮೂಲತಃ ಅಲ್ಲಿಯದೆಂದೂ, ಉಪನಿಷತ್ತುಗಳೂ ಬೌದ್ಧಜೈನರೂ ಅದನ್ನು ಬೇರೆಬೇರೆಯಾಗಿ ಪಡೆದರೆಂದೂ ವಾದಿಸಿದರು. ಇದನ್ನು ಸುಲಭವಾಗಿ ತಳ್ಳಿಹಾಕಲಾಗದು. ಬೃಹದಾರಣ್ಯಕದಲ್ಲಿ ಆರ್ತಭಾಗನು ಸತ್ತವನ ಗತಿಯೇನೆಂದು ಕೇಳಿದಾಗ ಯಾಜ್ಞವಲ್ಕ್ಯರು ಸಭೆಯ ನಡುವೆ ಉತ್ತರ ಕೊಡದೆ ಅವನ ಕೈ ಹಿಡಿದು ಏಕಾಂತಕ್ಕೆ ಕರೆದೊಯ್ದು ಕರ್ಮದ ವಿಚಾರವನ್ನು ನುಡಿಯುತ್ತಾರೆ. ಪ್ರವಾಹಣ ಜೈವಲಿಯೆಂಬ ರಾಜನು ಈ ವಿದ್ಯೆ ಇದಕ್ಕೆ ಮುನ್ನ ಬ್ರಾಹ್ಮಣರಲ್ಲಿ ನೆಲೆಸಿರಲಿಲ್ಲವೆಂದು ಗೌತಮನಿಗೆ ಹೇಳುತ್ತಾನೆ. ಶ್ರುತಿಯೇ ಇದನ್ನು ಹೊಸ ವಿದ್ಯೆಯೆಂದು ಗುರುತಿಸಿದಂತಿದೆ. ಹಾಗಿದ್ದರೂ ಆತ್ಮವಿಚಾರವೆಲ್ಲವನ್ನೂ ಮಗಧದ ಕೊಡುಗೆಯೆಂದು ಹೇಳುವುದಕ್ಕೆ ಇಷ್ಟು ಆಧಾರ ಸಾಲದೆಂದು ನನ್ನ ಎಣಿಕೆ.

ಕಣಜದ ಬೀಜ, ಹೊಲದ ಬೀಜ

ಮೂಲ ಹೇಗೇ ಇರಲಿ, ಈ ಎರಡು ಪಂಥಗಳು ಒಂದನ್ನೊಂದು ನಿಜವಾಗಿ ರೂಪಿಸಿದುದು ವಾದರಂಗದಲ್ಲಿ. ನಾಗಾರ್ಜುನನು ವಿಗ್ರಹವ್ಯಾವರ್ತನಿಯಲ್ಲಿ, ಪ್ರಮಾಣಗಳಿಂದ ಪ್ರಮೇಯ ಸಿದ್ಧಿಸುವುದಾದರೆ ಪ್ರಮಾಣಗಳು ಯಾವುದರಿಂದ ಸಿದ್ಧಿಸುತ್ತವೆಂದು ಕೇಳಿ ನ್ಯಾಯದ ತಳಹದಿಯನ್ನೇ ಅಲುಗಿಸಿದನು. ವಾತ್ಸ್ಯಾಯನನ ಭಾಷ್ಯವನ್ನು ದಿಙ್ನಾಗನು ಖಂಡಿಸಿದನು. ದಿಙ್ನಾಗನಿಗೆ ಉದ್ದ್ಯೋತಕರನು ನ್ಯಾಯವಾರ್ತಿಕದಲ್ಲಿ ಉತ್ತರವಿತ್ತನು. ಉದ್ದ್ಯೋತಕರನನ್ನು ಧರ್ಮಕೀರ್ತಿಯು ಹಿಡಿದನು. ಕೆಟ್ಟ ನಿಬಂಧಗಳ ಕೆಸರಿನಲ್ಲಿ ಹೂತುಹೋದ ಉದ್ದ್ಯೋತಕರನ ಮುದಿಗೋವುಗಳನ್ನು ಮೇಲೆತ್ತುವ ಪುಣ್ಯ ತನಗೆ ಬರಲೆಂದು ವಾಚಸ್ಪತಿಮಿಶ್ರನು ಟೀಕೆಯನ್ನು ತೊಡಗಿದನು. ವಿಕ್ರಮಶಿಲೆಯ ಜ್ಞಾನಶ್ರೀಮಿತ್ರ ರತ್ನಕೀರ್ತಿಗಳ ಪಂಕ್ತಿಗೆ ಇದಿರಾಗಿ ಉದಯನಾಚಾರ್ಯನು, ಬೌದ್ಧಧಿಕ್ಕಾರವೆಂದೂ ಹೆಸರುಳ್ಳ ಆತ್ಮತತ್ತ್ವವಿವೇಕವನ್ನು ರಚಿಸಿದನು. ಐದು ಶತಮಾನಗಳ ಕಾಲ ಒಬ್ಬರ ಮಾತಿಗೆ ಇನ್ನೊಬ್ಬರು ಹೆಸರು ಹಿಡಿದು, ವಾಕ್ಯ ಹಿಡಿದು ಉತ್ತರ ಕೊಟ್ಟ ಇಂಥ ವಾದಸರಣಿ ಲೋಕದ ತತ್ತ್ವಶಾಸ್ತ್ರದಲ್ಲಿಯೇ ವಿರಳ.

ಆ ವಾದದ ರುಚಿ ತಿಳಿಯಬೇಕಾದರೆ ಕಣಜದ ಬೀಜವನ್ನು ನೋಡಬೇಕು. ಕಣಜದಲ್ಲಿರುವ ಬೀಜ ಮೊಳೆಯುವುದಿಲ್ಲ, ಹದವಾದ ಮಣ್ಣಿಗೆ ಬಿದ್ದುದು ಮೊಳೆಯುತ್ತದೆ. ಬೌದ್ಧನು ಕೇಳುತ್ತಾನೆ: ಕಣಜದಲ್ಲಿದ್ದಾಗಲೂ ಬೀಜಕ್ಕೆ ಮೊಳೆಯುವ ಸಾಮರ್ಥ್ಯವಿದ್ದರೆ ಅಲ್ಲಿಯೇ ಏಕೆ ಮೊಳೆಯಲಿಲ್ಲ? ಇಲ್ಲದಿದ್ದರೆ, ಸಾಮರ್ಥ್ಯವಿಲ್ಲದುದೂ ಸಾಮರ್ಥ್ಯವುಳ್ಳುದೂ ಒಂದೇ ವಸ್ತುವೆನ್ನುವುದು ಹೇಗೆ? ಆದುದರಿಂದ ಬೀಜವೆಂಬುದು ಕ್ಷಣಕ್ಷಣಕ್ಕೂ ಹೊಸದಾಗಿ ಹುಟ್ಟುವ ಧಾರೆ. ಮೊಳಕೆಗೆ ಮುನ್ನಿನ ಕ್ಷಣದ ಬೀಜವೇ ಬೇರೆ. ಕಾರ್ಯ ಮಾಡುವುದೇ ಸತ್ತೆಯ ಲಕ್ಷಣವಾದ್ದರಿಂದ ಇರುವುದೆಲ್ಲವೂ ಕ್ಷಣಿಕ. ನೈಯಾಯಿಕನ ಉತ್ತರ ರೈತನ ಉತ್ತರದಂತಿದೆ: ಬೀಜ ಒಂದೇ, ಮಣ್ಣು, ನೀರು, ಕಾವು ಎಂಬ ಸಹಕಾರಿಗಳು ಕೂಡಿದಾಗ ಮೊಳೆಯುತ್ತದೆ, ಕೂಡದಿದ್ದಾಗ ಸುಮ್ಮನಿರುತ್ತದೆ, ಸುಮ್ಮನಿರುವುದರಿಂದಲೇ ಅದು ಅಸಮರ್ಥವೆನಿಸದು. ಕೇಳಲು ಇದು ಬೀಜದ ಮಾತು. ಇದರ ಮೇಲೆ ನಿಂತಿರುವುದಾದರೋ ಆತ್ಮನ ಮಾತು. ಬೀಜ ಒಂದೇ ಆಗಿ ಉಳಿದರೆ ನಿನ್ನೆ ಕಂಡವನೂ ಇಂದು ನೆನೆಯುವವನೂ ಒಬ್ಬನೇ ಆಗಬಹುದು. ಉಳಿಯದಿದ್ದರೆ ಆತ್ಮನಿಗೆ ನೆಲೆಯಿಲ್ಲ.

ಈ ರಂಗದ ಒಂದು ದುಃಖವನ್ನು ಹೇಳದೆ ಮುಂದುವರಿಯಲಾರೆ. ಪೂರ್ವದೇಶದ ಮಹಾವಿಹಾರಗಳು ಅಳಿದ ಮೇಲೆ ನ್ಯಾಯವು ಗಂಗೇಶನಿಂದ ನವ್ಯನ್ಯಾಯವಾಗಿ ಬೆಳೆಯಿತು. ಬೌದ್ಧಪಕ್ಷವಾದರೋ ನಮ್ಮ ಪಂಡಿತರಿಗೆ ಪೂರ್ವಪಕ್ಷದ ಸಾಲುಗಳಲ್ಲಿ ಮಾತ್ರ ಉಳಿಯಿತು. ಶತಮಾನಗಳ ಕಾಲ ನಾವು ಎದುರಾಳಿಯ ಮಾತನ್ನು ಗೆದ್ದವನ ಬಾಯಿಂದಲೇ ಕೇಳಿದೆವು. ರಾಹುಲ ಸಾಂಕೃತ್ಯಾಯನರು 1930ರ ದಶಕದಲ್ಲಿ ಟಿಬೆಟ್ಟಿನ ಮಠಗಳಿಗೆ ಮೇಲಿಂದ ಮೇಲೆ ಪ್ರವಾಸ ಮಾಡಿ ಧರ್ಮಕೀರ್ತಿಯ ಪ್ರಮಾಣವಾರ್ತಿಕವೇ ಮೊದಲಾದ ಸಂಸ್ಕೃತಮೂಲಗಳನ್ನು ಬೆಳಕಿಗೆ ತಂದ ಮೇಲೆ ಈ ಸ್ಥಿತಿ ಬದಲಾಯಿತು. ಜ್ಞಾನಶ್ರೀಮಿತ್ರನ ನಿಬಂಧಗಳು ಪಾಟ್ನಾದಲ್ಲಿ ಅಚ್ಚಾದುದು 1959ರಲ್ಲಿ. ಶಾಂತರಕ್ಷಿತನ ತತ್ತ್ವಸಂಗ್ರಹವನ್ನು ನಮಗಾಗಿ ಕಾಪಾಡಿದವರು ಬೌದ್ಧರೂ ಅಲ್ಲ, ವೈದಿಕರೂ ಅಲ್ಲ. ಪಶ್ಚಿಮಭಾರತದ ಜೈನರ ಗ್ರಂಥಭಂಡಾರಗಳು. ಅದು ಬರೋಡದ ಪ್ರಾಚ್ಯಗ್ರಂಥಮಾಲೆಯಲ್ಲಿ 1926ರಲ್ಲಿ ಹೊರಬಂದಿತು.

ಗೌಡಪಾದರ ನಾಲ್ಕನೆಯ ಪ್ರಕರಣ

ಇನ್ನು ಕೊಳ್ಳಿಯ ಬಳಿಗೆ ಮರಳೋಣ. ಮಾಂಡೂಕ್ಯಕಾರಿಕೆಯಲ್ಲಿ ಆಗಮ, ವೈತಥ್ಯ, ಅದ್ವೈತ, ಅಲಾತಶಾಂತಿ ಎಂಬ ನಾಲ್ಕು ಪ್ರಕರಣಗಳು, ಒಟ್ಟು 215 ಕಾರಿಕೆಗಳಿವೆ. ಅವುಗಳಲ್ಲಿ ಸರಿಯಾಗಿ ನೂರು ನಾಲ್ಕನೆಯದಕ್ಕೆ ಸೇರಿವೆ. ಈ ನಾಲ್ಕನೆಯದು ಮಾಂಡೂಕ್ಯೋಪನಿಷತ್ತಿನ ಹೆಸರನ್ನೆತ್ತುವುದಿಲ್ಲ. ದ್ವಿಪದರಲ್ಲಿ, ಎಂದರೆ ಎರಡು ಕಾಲಿನವರಲ್ಲಿ, ಶ್ರೇಷ್ಠನಾದವನಿಗೆ ನಮಸ್ಕರಿಸಿ ಆರಂಭವಾಗುತ್ತದೆ. ಇದು ಬೌದ್ಧವಾಙ್ಮಯದಲ್ಲಿ ಬುದ್ಧನಿಗೆ ರೂಢವಾದ ವಿಶೇಷಣ. ಧರ್ಮವೆಂಬ ಪದವನ್ನು ಪದಾರ್ಥವೆಂಬ ಬೌದ್ಧಾರ್ಥದಲ್ಲಿ ಬಳಸುತ್ತದೆ. ಸಂವೃತಿ, ಪ್ರಜ್ಞಪ್ತಿ ಮೊದಲಾದ ಪರಿಭಾಷೆಗಳನ್ನು ಸಂಕೋಚವಿಲ್ಲದೆ ಉಪಯೋಗಿಸುತ್ತದೆ. ವಸ್ತು ತನ್ನಿಂದಾಗಲಿ ಪರದಿಂದಾಗಲಿ ಹುಟ್ಟದೆಂಬ ನಾಗಾರ್ಜುನನ ತರ್ಕವನ್ನು ಬಹುಮಟ್ಟಿಗೆ ಅವನ ಶಬ್ದಗಳಲ್ಲಿಯೇ ಒಪ್ಪಿಸುತ್ತದೆ. ಕೊನೆಗೆ ತೊಂಬತ್ತೊಂಬತ್ತನೆಯ ಕಾರಿಕೆಯಲ್ಲಿ, ಇದನ್ನು ಬುದ್ಧನು ಹೇಳಲಿಲ್ಲ ಎಂಬರ್ಥದ ಮಾತು ಬರುತ್ತದೆ.

ಸುರೇಂದ್ರನಾಥ ದಾಸಗುಪ್ತರು 1922ರಲ್ಲಿ, ಗೌಡಪಾದರು ಸ್ವತಃ ಬೌದ್ಧರೇ ಆಗಿದ್ದಿರಬಹುದೆಂದು ಊಹಿಸಿದರು. ವಿಧುಶೇಖರ ಭಟ್ಟಾಚಾರ್ಯರು 1943ರಲ್ಲಿ ಕಲ್ಕತ್ತ ವಿಶ್ವವಿದ್ಯಾಲಯದಿಂದ ಹೊರತಂದ ಆವೃತ್ತಿಯಲ್ಲಿ ಕಾರಿಕೆ ಕಾರಿಕೆಗೂ ಬೌದ್ಧಗ್ರಂಥಗಳ ಸಮಾನವಾಕ್ಯಗಳನ್ನು ಜೋಡಿಸಿ, ನಾಲ್ಕು ಪ್ರಕರಣಗಳೂ ಮೂಲತಃ ನಾಲ್ಕು ಪ್ರತ್ಯೇಕ ಕೃತಿಗಳೆಂದೂ, ದ್ವಿಪದಶ್ರೇಷ್ಠನೆಂದರೆ ಬುದ್ಧನೇ ಎಂದೂ ನಿರ್ಣಯಿಸಿದರು. ತೊಂಬತ್ತೊಂಬತ್ತನೆಯ ಕಾರಿಕೆಯನ್ನು ಕೂಡ ಅವರು, ಪರಮಾರ್ಥವು ವಾಕ್ಕಿಗೆ ನಿಲುಕದ ಕಾರಣ ತಥಾಗತನು ಏನನ್ನೂ ನುಡಿಯಲಿಲ್ಲವೆಂಬ ಮಹಾಯಾನದ ಭಾವದಲ್ಲಿಯೇ ಅರ್ಥೈಸಿದರು. ಆ ಪಾಂಡಿತ್ಯಕ್ಕೆ ತಲೆಬಾಗದವನು ಇರಲಾರನು.

ಇದಕ್ಕೆ ಉತ್ತರವು ದಕ್ಷಿಣದಿಂದ ಬಂದಿತು. ಮದರಾಸಿನ ಟಿ. ಎಂ. ಪಿ. ಮಹಾದೇವನ್ ಅವರು 1952ರಲ್ಲಿ ಗೌಡಪಾದರು ವೇದಾಂತಿಗಳೇ ಎಂದು ವಾದಿಸಿದರು. ನಮ್ಮ ಹೊಳೆನರಸೀಪುರದ ಅಧ್ಯಾತ್ಮಪ್ರಕಾಶ ಕಾರ್ಯಾಲಯವನ್ನು ಸ್ಥಾಪಿಸಿದ ಶ್ರೀ ಸಚ್ಚಿದಾನಂದೇಂದ್ರ ಸರಸ್ವತೀ ಸ್ವಾಮಿಗಳು ಮಾಂಡೂಕ್ಯರಹಸ್ಯವಿವೃತಿಯಲ್ಲಿ ಈ ವಾದಕ್ಕೆ ಇನ್ನೂ ಆಳವಾದ ತಳಹದಿಯನ್ನಿತ್ತರು: ಎಚ್ಚರ, ಕನಸು, ನಿದ್ರೆ ಎಂಬ ಮೂರು ಅವಸ್ಥೆಗಳನ್ನು ವಿಮರ್ಶಿಸಿ ಅವುಗಳಿಗೆ ಸಾಕ್ಷಿಯಾದ ತುರೀಯವನ್ನು ತೋರುವ ಪ್ರಕ್ರಿಯೆಯೇ ಗೌಡಪಾದರ ಪ್ರಾಣ, ಪದಗಳು ಯಾರ ಮನೆಯಿಂದ ಬಂದರೂ ಈ ಪ್ರಕ್ರಿಯೆ ವೇದಾಂತದ್ದು. ಟಿ. ಆರ್. ವಿ. ಮೂರ್ತಿಯವರು ಮಾಧ್ಯಮಿಕದರ್ಶನವನ್ನು ಕುರಿತ 1955ರ ತಮ್ಮ ಗ್ರಂಥದಲ್ಲಿ ನಡುದಾರಿಯೊಂದನ್ನು ಹಿಡಿದು, ವೇದಾಂತವು ಬೌದ್ಧರಿಂದ ವಾದದ ವಿಧಾನವನ್ನು ಪಡೆಯಿತು, ಸಿದ್ಧಾಂತವನ್ನಲ್ಲ ಎಂದರು.

ನನ್ನ ತೀರ್ಮಾನವೂ ಈ ನಡುದಾರಿಗೆ ಹತ್ತಿರದ್ದು. ಆದರೆ ವಿಧಾನವೆಂಬುದು ಬರಿಯ ಹೊರಹೊದಿಕೆಯೆಂದು ನಾನು ಎಣಿಸಲಾರೆ. ಹುಟ್ಟೇ ಇಲ್ಲವೆಂಬ ಅಜಾತಿವಾದವನ್ನು ಇಷ್ಟು ನಿಷ್ಠುರವಾಗಿ ನುಡಿಯುವ ಧೈರ್ಯ ಗೌಡಪಾದರಿಗೆ ನಾಗಾರ್ಜುನನ ನೆರೆಯಲ್ಲಿ ಬಂದಿತು; ಆ ಹುಟ್ಟಿಲ್ಲದುದು ಶೂನ್ಯವಲ್ಲ, ಅಜವಾದ ಆತ್ಮನೆಂಬ ನಿಲುವು ಶ್ರುತಿಯಿಂದ ಬಂದಿತು. ಇವೆರಡರಲ್ಲಿ ಒಂದನ್ನು ಮುಚ್ಚಿಟ್ಟರೂ ಗ್ರಂಥಕ್ಕೆ ಅನ್ಯಾಯವಾಗುತ್ತದೆ. ಎದುರಾಳಿಯ ಭಾಷೆಯನ್ನು ಬಹಿರಂಗವಾಗಿ ಆಡಬಲ್ಲವರಾಗಿದ್ದುದು ಗೌಡಪಾದರ ಹಿರಿಮೆ.

ಪ್ರಚ್ಛನ್ನಬೌದ್ಧರೆಂಬ ಆಕ್ಷೇಪ

ಶಂಕರರ ಕಾಲಕ್ಕೆ ಗಾಳಿ ತಿರುಗಿತ್ತು. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಎರಡನೆಯ ಪಾದದಲ್ಲಿ ಅವರು ಬಾಹ್ಯಾರ್ಥವಾದಿಗಳನ್ನೂ ವಿಜ್ಞಾನವಾದಿಗಳನ್ನೂ ವಿಸ್ತಾರವಾಗಿ ಖಂಡಿಸಿ, ಶೂನ್ಯವಾದವು ಸರ್ವಪ್ರಮಾಣಗಳಿಗೂ ವಿರುದ್ಧವಾದುದರಿಂದ ಅದರ ನಿರಾಕರಣೆಗೆ ಶ್ರಮಪಡಬೇಕಾಗಿಲ್ಲವೆಂದು ಒಂದೇ ವಾಕ್ಯದಲ್ಲಿ ಮುಗಿಸುತ್ತಾರೆ. ದಿಙ್ನಾಗನ ಶ್ಲೋಕಾರ್ಧವನ್ನು ಅನುವಾದಮಾಡಿ, ಒಳಗಿನದು ಹೊರಗಿನದರಂತೆ ತೋರುವುದೆನ್ನಬೇಕಾದರೆ ಹೊರಗಿನದೆಂಬುದೊಂದು ಎಲ್ಲಿಯಾದರೂ ಇರಬೇಕಲ್ಲವೇ ಎಂದು ಕೇಳುತ್ತಾರೆ. ಗೌಡಪಾದರು ಕನಸನ್ನೂ ಎಚ್ಚರವನ್ನೂ ಸಮಾನವೆಂದಿದ್ದರು. ಶಂಕರರು ಇಲ್ಲಿ, ಕನಸು ಬಾಧಿತವಾಗುತ್ತದೆ, ಎಚ್ಚರದ ವಸ್ತು ಹಾಗೆ ಬಾಧಿತವಾಗುವುದಿಲ್ಲ, ಎರಡೂ ಒಂದೇ ಅಲ್ಲ ಎನ್ನುತ್ತಾರೆ. ಪರಮಾರ್ಥದಲ್ಲಿ ಸಮವಾದರೂ ವ್ಯವಹಾರದಲ್ಲಿ ಭೇದವುಂಟೆಂದು ಸಂಪ್ರದಾಯದವರು ಇದನ್ನು ಹೊಂದಿಸುವರು. ಆದರೆ ವ್ಯವಹಾರ ಪರಮಾರ್ಥಗಳೆಂಬ ಈ ವಿಭಾಗವೇ ನಾಗಾರ್ಜುನನ ಸಂವೃತಿಸತ್ಯ ಪರಮಾರ್ಥಸತ್ಯಗಳ ವಿಭಾಗವನ್ನು ನೆನಪಿಗೆ ತರುತ್ತದೆ.

ಆದಕಾರಣ ಶಂಕರರ ಖಂಡನವು ಇತರ ವೇದಾಂತಿಗಳನ್ನು ತೃಪ್ತಿಪಡಿಸಲಿಲ್ಲ. ಭಾಸ್ಕರನು ಮಾಯಾವಾದವನ್ನು ಮಹಾಯಾನಿಕರ ಹಾಡೆಂದನು. ರಾಮಾನುಜರು ಶ್ರೀಭಾಷ್ಯದಲ್ಲಿ ವೇದವಾದದ ಮುಸುಕಿನಲ್ಲಿ ಅಡಗಿದ ಬೌದ್ಧರೆಂದರು. ಉಡುಪಿಯ ಮಧ್ವಾಚಾರ್ಯರು ಶೂನ್ಯವಾದಿಯ ಶೂನ್ಯಕ್ಕೂ ಮಾಯಾವಾದಿಯ ನಿರ್ವಿಶೇಷಬ್ರಹ್ಮಕ್ಕೂ ಭೇದವಿಲ್ಲವೆಂದರು. ಅವರ ಸಂಪ್ರದಾಯವು ಆಗಮಪ್ರಕರಣದ ಕಾರಿಕೆಗಳನ್ನು ಗೌಡಪಾದರ ಕೃತಿಯೆಂದೆಣಿಸದೆ ಶ್ರುತಿಯ ಭಾಗವಾಗಿಯೇ ಸ್ವೀಕರಿಸಿತೆಂಬುದನ್ನೂ ಇಲ್ಲಿ ನೆನೆಯಬೇಕು. ಪದ್ಮಪುರಾಣದಲ್ಲಿ ಸೇರಿಕೊಂಡ ಇದೇ ನಿಂದೆಯನ್ನು ಸಾಂಖ್ಯಪಕ್ಷದ ವಿಜ್ಞಾನಭಿಕ್ಷುವು ಉದಾಹರಿಸಿದನು.

ಈ ಆಕ್ಷೇಪವು ಏನನ್ನು ವಿವರಿಸುತ್ತದೆ? ವಿಶೇಷಣಗಳನ್ನೆಲ್ಲ ಕಳಚಿದ ಸತ್ತನ್ನು ಇಲ್ಲದುದರಿಂದ ಬೇರ್ಪಡಿಸಿ ತೋರುವುದು ಹೇಗೆಂಬ ಕಠಿನವಾದ ಪ್ರಶ್ನೆಯನ್ನು ಅದು ಮುಂದಿಡುತ್ತದೆ. ರಾಮಾನುಜ ಮಧ್ವರ ಮಾತಿನ ಬಲವಿರುವುದು ಅಲ್ಲಿ. ಆದರೆ ಪ್ರಚ್ಛನ್ನವೆಂಬ ಪದವು ಕಪಟವನ್ನು ಆರೋಪಿಸುತ್ತದೆ, ಅದಕ್ಕೆ ಯಾವ ಆಧಾರವೂ ಇಲ್ಲ. ಅಲ್ಲದೆ ಬೌದ್ಧರು ಈ ಅದ್ವೈತಿಗಳನ್ನು ತಮ್ಮವರೆಂದು ಒಪ್ಪಿದರೇ? ಎಂಟನೆಯ ಶತಮಾನದ ಶಾಂತರಕ್ಷಿತನು ಔಪನಿಷದರ ಅದ್ವಿತೀಯ ವಿಜ್ಞಾನವಾದವನ್ನು ಖಂಡಿಸುತ್ತ, ಇವರ ದರ್ಶನದ ಅಪರಾಧ ಅಲ್ಪ, ಅದು ವಿಜ್ಞಾನವನ್ನು ನಿತ್ಯವೆಂದುದು ಮಾತ್ರ ಎನ್ನುತ್ತಾನೆ. ಹನ್ನೆರಡನೆಯ ಶತಮಾನದಲ್ಲಿ ಶ್ರೀಹರ್ಷನು ಖಂಡನಖಂಡಖಾದ್ಯದಲ್ಲಿ ಮಾಧ್ಯಮಿಕರ ತರ್ಕವನ್ನೇ ಬೀಸಿ ನೈಯಾಯಿಕರ ಲಕ್ಷಣಗಳನ್ನು ಕಡಿಯುವಾಗ, ಸೌಗತರಿಗೂ ತನಗೂ ಇರುವ ಅಂತರ ಸ್ವಪ್ರಕಾಶವಾದ ವಿಜ್ಞಾನವೊಂದನ್ನು ತಾನು ಉಳಿಸಿಕೊಳ್ಳುವುದೆಂದು ಸ್ಪಷ್ಟಪಡಿಸುತ್ತಾನೆ. ನಾಲ್ಕು ಶತಮಾನಗಳ ಅಂತರದಲ್ಲಿ, ಎರಡು ಎದುರು ದಡಗಳಲ್ಲಿ ನಿಂತ ಇಬ್ಬರೂ ಒಂದೇ ಗೆರೆಗೆ ಬೆರಳಿಟ್ಟಿರುವರು: ಅರಿವು ನಿತ್ಯವೇ, ಧಾರೆಯೇ? ಈ ಗೆರೆ ಕೂದಲಿನಷ್ಟು ತೆಳುವಾದರೂ ಅದರ ಆಚೆಗೂ ಈಚೆಗೂ ಮೋಕ್ಷದ ಅರ್ಥವೇ ಬೇರೆಯಾಗುವುದರಿಂದ ಅದನ್ನು ಸಣ್ಣದೆನ್ನಲಾಗದು.

ಕಲ್ಲು ಕಂಚುಗಳ ಮಾತು

ಪಂಡಿತರ ವಾದದ ಹೊರಗೆ ಜನರು ಹೇಗೆ ಬಾಳಿದರೆಂಬುದಕ್ಕೆ ನಮ್ಮ ನಾಡಿನ ಸಾಕ್ಷ್ಯ ಒಂದೆರಡಾದರೂ ಉಂಟು. ಭೀಮಾತೀರದ ಸನ್ನತಿಯಲ್ಲಿ 1986ರಲ್ಲಿ ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿಯ ಗುಡಿ ಕುಸಿದಾಗ, ದೇವಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಕಾಣಿಸಿತು. ಮಂಗಳೂರಿನ ಕದ್ರಿಯಲ್ಲಿ ಮೂರು ಮುಖಗಳ, ಆರು ಕೈಗಳ ಕಂಚಿನ ವಿಗ್ರಹವೊಂದಿದೆ. ಅದನ್ನು ಆಳುಪರ ಕುಂದವರ್ಮನು 968ರಲ್ಲಿ ಕದರಿಕಾವಿಹಾರದಲ್ಲಿ ಲೋಕೇಶ್ವರನೆಂದು ಪ್ರತಿಷ್ಠಿಸಿದನೆಂದು ಪೀಠದ ಶಾಸನ ಹೇಳುತ್ತದೆ. ಆ ಶಾಸನದಲ್ಲಿಯೇ ರಾಜನು ಶಿವಭಕ್ತನೆನಿಸಿಕೊಂಡಿದ್ದಾನೆ. ಡಂಬಳದ 1095ರ ಶಾಸನವು ತಾರಾದೇವಿಯ ಆರಾಧನೆಗೆ ಶೆಟ್ಟಿಗಳು ಕೊಟ್ಟ ದತ್ತಿಯನ್ನು ಸಾರುತ್ತದೆ. ಉದಯನನ ಗ್ರಂಥವನ್ನು ಓದಿ ಹತ್ತನೆಯ ಶತಮಾನದಲ್ಲಿ ಇಬ್ಬಗೆಯವರೂ ಒಂದೆಡೆ ಕೂಡಿ ಬಾಳಲಾರರೆಂದು ಊಹಿಸುವವರು ಕದ್ರಿಯ ಪೀಠವನ್ನೂ ಓದಬೇಕು.

ಇನ್ನೂ ನಿಲುಗಡೆಗೆ ಬಾರದವು

ಗೌಡಪಾದರ ಕಾಲ ನಿಶ್ಚಯವಾಗಿಲ್ಲ. ಸಂಪ್ರದಾಯವು ಅವರನ್ನು ಶಂಕರರ ಗುರುವಿನ ಗುರುವೆನ್ನುತ್ತದೆ. ಆದರೆ ಆರನೆಯ ಶತಮಾನದ ಭಾವವಿವೇಕನು ಮಧ್ಯಮಕಹೃದಯದ ವೇದಾಂತಪರಿಚ್ಛೇದದಲ್ಲಿ ಎತ್ತಿ ಹೇಳುವ ಘಟಾಕಾಶದ ಮಾತು ಕಾರಿಕೆಯನ್ನು ಬಹಳವಾಗಿ ಹೋಲುತ್ತದೆ. ಅವನು ಗೌಡಪಾದರನ್ನೇ ಓದಿದ್ದನೋ, ಇಬ್ಬರಿಗೂ ಹಿಂದಿನ ಒಂದು ಆಕರವಿತ್ತೋ ಹೇಳುವಂತಿಲ್ಲ. ಓದಿದ್ದರೆ ಎರಡೇ ತಲೆಮಾರಿನ ಅಂತರದ ಲೆಕ್ಕ ಕೂಡುವುದಿಲ್ಲ. ನಾಲ್ಕು ಪ್ರಕರಣಗಳಿಗೆ ಕರ್ತೃ ಒಬ್ಬನೇ ಎಂಬುದೂ, ಕಾರಿಕಾಭಾಷ್ಯವು ಸೂತ್ರಭಾಷ್ಯವನ್ನು ಬರೆದ ಶಂಕರರದೇ ಎಂಬುದೂ ವಿವಾದದಲ್ಲಿವೆ. ಬುದ್ಧನು ಅಲ್ಲಗಳೆದ ಆತ್ಮನು ಯಾಜ್ಞವಲ್ಕ್ಯರು ಹೇಳಿದ ಆತ್ಮನೇ ಎಂಬುದಕ್ಕಂತೂ ಎರಡು ಕಡೆಯವರೂ ಒಪ್ಪುವ ಉತ್ತರ ದೊರೆತಿಲ್ಲ.

ಇನ್ನು ಆ ತೊಂಬತ್ತೊಂಬತ್ತನೆಯ ಕಾರಿಕೆ. ಬಾಹ್ಯವಸ್ತುವನ್ನು ನಿರಾಕರಿಸಿ ಜ್ಞಾನಮಾತ್ರವನ್ನು ಕಲ್ಪಿಸಿದ ಬುದ್ಧನ ಮತವು ಅದ್ವೈತಕ್ಕೆ ಸಮೀಪವಾದರೂ, ಈ ಅದ್ವಯವಾದ ಪರಮಾರ್ಥವನ್ನು ವೇದಾಂತದಲ್ಲಿಯೇ ತಿಳಿಯಬೇಕೆಂಬುದು ಅದರ ಅಭಿಪ್ರಾಯವೆಂದು ಭಾಷ್ಯವು ಹೇಳುತ್ತದೆ. ಬುದ್ಧನ ಮೌನದ ಪ್ರಶಂಸೆಯೆಂದು ಭಟ್ಟಾಚಾರ್ಯರು ಹೇಳುತ್ತಾರೆ. ವ್ಯಾಕರಣವು ಎರಡಕ್ಕೂ ಎಡೆಗೊಡುತ್ತದೆ. ಅಲ್ಲಿರುವ ಇದು ಎಂಬ ಸರ್ವನಾಮವು ಯಾವುದನ್ನು ನಿರ್ದೇಶಿಸುತ್ತದೆಂಬುದು ಇಂದಿಗೂ ತೀರ್ಮಾನವಾಗಿಲ್ಲ.